ಹಿಡಿ ಅಕ್ಕಿ ಶುರು ಮಾಡೋಣ ಅಂತಿದ್ದೀವಿ. ಅಕ್ಕಿನೂ ಕೊಡಲಾಗದವರು ಏನು ಕೊಡಬಹುದು?

ಚಾಮರಾಜನಗರ_ಸ್ತ್ರೀಸಂಘ
ಎಲ್ಲರಿಗೂ ವಂದನೆ. ನಮ್ಮದು 60 ಮನೆಯ ಕ್ರೈಸ್ತ ಸಭೆ. ಹೆಚ್ಚಿನವರು ಕೂಲಿ, ಗಾರ್ಮೆಂಟ್ಸ್, ಮನೆಗೆಲಸ ಮಾಡೋರು. ಕಾಣಿಕೆ ಚೀಲಕ್ಕೆ ಹತ್ತು ರೂಪಾಯಿ ಹಾಕೋಕೂ ಯೋಚಿಸಬೇಕಾದ ಮನೆಗಳಿವೆ. ಆದರೆ ಊರಲ್ಲಿ ಹಾಸಿಗೆ ಹಿಡಿದವರಿಗೆ, ಒಂಟಿ ಮುದುಕರಿಗೆ ಕರ್ತನ ಹೆಸರಲ್ಲಿ ಏನಾದರೂ ಮಾಡಬೇಕು ಅನ್ನೋ ಮನಸ್ಸು ಎಲ್ಲರಿಗೂ ಇದೆ. ಹಿಡಿ ಅಕ್ಕಿ ಶುರು ಮಾಡೋಣ ಅಂತ ಮಾತಾಗಿದೆ. ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ, ತಿಂಗಳ ಮೊದಲ ಭಾನುವಾರ ಚರ್ಚಿಗೆ. ಎಷ್ಟು ಸೇರುತ್ತೆ, ಹುಳ ಬೀಳದ ಹಾಗೆ ಹೇಗೆ ಇಡೋದು, ಅಕ್ಕಿನೂ ಕೊಡಲಾಗದವರು ಏನು ಕೊಡಬಹುದು? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ತೂಕದಕಲ್ಲು
ಲೆಕ್ಕ ನಾನು ಹೇಳ್ತೀನಿ ಅಕ್ಕ. ಹೆಂಗಸರ ಕೈಯಲ್ಲಿ ಮುಚ್ಚಿದ ಹಿಡಿ ಅಂದ್ರೆ ಸುಮಾರು 40 ಗ್ರಾಂ. ದಿನಕ್ಕೊಂದು ಹಿಡಿ, ತಿಂಗಳಿಗೆ ಒಂದು ಮನೆಯಿಂದ 1.2 ಕೆಜಿ. 60 ಮನೆಗೆ 72 ಕೆಜಿ ಆಗಬೇಕು. ಮೂರನೇ ಒಂದು ಭಾಗದವರು ಮರೀತಾರೆ, ಊರಿಗೆ ಹೋಗಿರ್ತಾರೆ. 48 ಕೆಜಿ ಅಂತ ಇಟ್ಕೊಳ್ಳಿ. ಇಬ್ಬರು ಮುದುಕರಿರೋ ಮನೆಗೆ ತಿಂಗಳಿಗೆ 10ರಿಂದ 12 ಕೆಜಿ ಬೇಕು. ಅಂದ್ರೆ ನಾಲ್ಕು ಮನೆ. ಐದನೇ ಮನೆಗೆ ಮಾತು ಕೊಡಬೇಡಿ. ಎಂಟು ಮನೆಗೆ ಮಾತು ಕೊಟ್ಟು ಮೂರನೇ ತಿಂಗಳು ಕೈಯೆತ್ತಿದರೆ ನಂಬಿ ಕೂತವರ ಒಲೆ ಆರುತ್ತೆ.

ತೂಕದ ಯಂತ್ರ ಚರ್ಚಿನಲ್ಲೇ ಇರಲಿ. ಒಟ್ಟು ತೂಕ ಮಾತ್ರ ಪುಸ್ತಕಕ್ಕೆ ಬರೀರಿ, ಇಬ್ಬರ ಸಹಿ ಹಾಕಿಸಿ. ಯಾವ ಮನೆಯಿಂದ ಎಷ್ಟು ಬಂತು ಅಂತ ಬರೀಲೇಬೇಡಿ.

ಹುಬ್ಬಳ್ಳಿ_ಮಂದಿ
ಕಡೀ ಮಾತು ಭಾಳ ಛಲೋ. ಮನೀ ಹೆಸರು ಬರದ್ರ ಮುಂದಿನ ವಾರ ಅದನ್ನ ಓದಿ ಹೇಳೂ ಆಸೆ ಹುಟ್ಟತೈತ್ರಿ.

ಐಜಾಲ್_ಕನ್ನಡಿಗ
ಈ ಕ್ರಮ ಅತಿ ದೊಡ್ಡದಾಗಿ ಬೆಳೆದಿರೋದು ಮಿಜೋರಾಮಿನಲ್ಲಿ. ಅಲ್ಲಿ ಇದಕ್ಕೆ ‘ಬುಹ್‌ಫಾಯ್ ಥಾಮ್’ ಅಂತಾರೆ. 1910ರಲ್ಲಿ ಶುರುವಾಯ್ತು. ಆಗ ಅಲ್ಲಿನ ಹೆಂಗಸರ ಕೈಯಲ್ಲಿ ದುಡ್ಡು ಓಡಾಡ್ತಿರಲಿಲ್ಲ, ಆದರೆ ಅಕ್ಕಿ ಪಾತ್ರೆ ಅವರ ಕೈಯಲ್ಲೇ ಇತ್ತು. ಪ್ರತಿ ಸಲ ಅಡುಗೆಗೆ ಅಳೆಯುವಾಗ ಒಂದು ಹಿಡಿ ಬೇರೆ. ಮಹಿಳಾ ಸಂಘದವರು ಮನೆಮನೆಯಿಂದ ಒಟ್ಟು ಮಾಡಿ ಮಾರಿ, ಬಂದ ಹಣವನ್ನು ಸಭೆಯ ಸೇವೆಗೆ ಬಳಸ್ತಾರೆ. ಇವತ್ತು ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಗೆ ಇದರಿಂದ ಬರೋದು ಕೋಟಿಗಟ್ಟಲೆ.

ಗಮನಿಸಬೇಕಾದ್ದು, ಅದು ಮಿಕ್ಕಿದ್ದರಲ್ಲಿ ಕೊಡೋದಲ್ಲ. ಅಕ್ಕಿ ಒಲೆಗೆ ಹೋಗೋ ಮುಂಚೆ ತೆಗೆಯೋದು. ಡಬ್ಬಿ ಅಕ್ಕಿ ಪಾತ್ರೆಯ ಪಕ್ಕದಲ್ಲೇ ಇರಬೇಕು. ಅಟ್ಟದ ಮೇಲಿಟ್ಟರೆ ಒಂದು ವಾರದಲ್ಲಿ ಮರೆತುಹೋಗುತ್ತೆ. ನೀವೂ ಅಕ್ಕಿ ಹಂಚೋ ಬದಲು ಮಾರಿ, ಆ ದುಡ್ಡಲ್ಲಿ ಅವರಿಗೆ ಬೇಕಾದ್ದು ತಂದುಕೊಡೋದು ಒಳ್ಳೇದು.

ಅರ್ಜಿ_ಗುಮಾಸ್ತ
ಅಣ್ಣ, ಇಲ್ಲಿ ಹಾಗೆ ಮಾರೋ ಹಾಗಿಲ್ಲ. ಕೂಲಿ ಮಾಡೋರ ಮನೆಯಲ್ಲಿ ಬಹುಪಾಲು ಇರೋದು ರೇಷನ್ ಅಕ್ಕಿ. ರೇಷನ್ ಅಕ್ಕಿ ಮಾರೋದೂ ಕೊಳ್ಳೋದೂ ಅಪರಾಧ. ಚರ್ಚಿನ ಹೆಸರಲ್ಲಿ ಮೂಟೆ ಕಟ್ಟಿ ಅಂಗಡಿಗೆ ಕಳಿಸಿದರೆ ಆಹಾರ ಇಲಾಖೆಯವರು ಹಿಡೀತಾರೆ, ಸಭಾಪಾಲಕರ ಮೇಲೆ ಕೇಸು ಬೀಳುತ್ತೆ. ‘ನಾವು ದಾನಕ್ಕೆ ಮಾಡಿದ್ದು’ ಅಂದ್ರೆ ನಡೆಯಲ್ಲ.

ರೇಷನ್ ಅಕ್ಕಿಯನ್ನು ಬಹಳ ಸಲ ಗುರುತಿಸಬಹುದು. ಅದರಲ್ಲಿ ನೂರು ಕಾಳಿಗೆ ಒಂದರಂತೆ ಸಾರವರ್ಧಿತ ಕಾಳು ಬೆರೆಸಿರೋದುಂಟು. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಹಿಟ್ಟಿನಿಂದ ಒತ್ತಿದ ಕಾಳು ಅದು. ಬಣ್ಣ ಸ್ವಲ್ಪ ಬೇರೆ, ನೀರಿಗೆ ಹಾಕಿದ್ರೆ ಕೆಲವು ತೇಲುತ್ತವೆ. ಜನ ‘ಪ್ಲಾಸ್ಟಿಕ್ ಅಕ್ಕಿ’ ಅಂತ ಹೆದರಿ ಆರಿಸಿ ಬಿಸಾಡ್ತಾರೆ. ಆರಿಸಬೇಡಿ ಅಂತ ಹೇಳಿ, ರಕ್ತ ಕಡಿಮೆ ಇರೋರಿಗೆ ಬೇಕಾದ್ದೇ ಅದು.

ಇನ್ನೊಂದು. ಕಾರ್ಡ್ ಇರೋ ಮುದುಕರಿಗೂ ಅಕ್ಕಿ ಬರುತ್ತೆ. ಅವರ ಮನೆಯಲ್ಲಿ ಇಲ್ಲದ್ದು ಬೇಳೆ, ಎಣ್ಣೆ, ಸೋಪು. ಮೊದಲು ಹೋಗಿ ಕೇಳಿ, ಆಮೇಲೆ ಕೂಡಿಸಿ.

ಐಜಾಲ್_ಕನ್ನಡಿಗ
ಸರಿ, ಮಾರೋ ಮಾತು ಬಿಡೋಣ. ಹಾಗಾದ್ರೆ ಕಾರ್ಡ್ ಇಲ್ಲದವರಿಗೆ ಅಕ್ಕಿ, ಇರೋರಿಗೆ ಬೇಳೆ ಎಣ್ಣೆ. ಅಕ್ಕಿಯ ಬದಲು ಒಂದು ಹಿಡಿ ತೊಗರಿಬೇಳೆ ತೆಗೆಯೋ ಮನೆಗಳೂ ಇರಲಿ.

ಕುಡ್ಲದ_ಬಾಯಿ
ನಮ್ಮ ಕಡೆ ಇದು ಉಂಟು, ಅದಕ್ಕೇ ಹೇಳುವುದು: ಅಕ್ಕಿ ಬೆರೆಸಬೇಡಿ. ಒಬ್ಬರ ಮನೆಯದ್ದು ಸೋನಾ ಮಸೂರಿ, ಇನ್ನೊಬ್ಬರದ್ದು ರೇಷನ್, ಮತ್ತೊಬ್ಬರದ್ದು ಕುಚ್ಚಲು. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ, ಕಾಲು ಗಂಟೆಯಲ್ಲಿ ಬೇಯ್ತದೆ, ಕುಚ್ಚಲಿಗೆ ಮುಕ್ಕಾಲು ಗಂಟೆಯಾದರೂ ಬೇಕು. ಒಂದೇ ಪಾತ್ರೆಗೆ ಹಾಕಿದರೆ ಒಂದು ಅಂಬಲಿ, ಇನ್ನೊಂದು ಕಲ್ಲು. ಹಲ್ಲಿಲ್ಲದ ಅಜ್ಜಿಗೆ ಅದನ್ನು ಕೊಟ್ಟು ಏನು ಪ್ರಯೋಜನ? ಮೂರು ಡ್ರಮ್ ಇಡಿ, ಮೇಲೆ ಹೆಸರು ಬರೆಯಿರಿ. ಬೆರೆತುಹೋದದ್ದನ್ನು ತೊಳೆದು ನೆರಳಲ್ಲಿ ಒಣಗಿಸಿ ಹಿಟ್ಟು ಮಾಡಿಸಿ, ರೊಟ್ಟಿಗೆ ಆಗ್ತದೆ.

ಕೋಲಾರ_ರಾಗಿ
ನಮ್ಮ ಕಡೆಯೋರು ರಾಗಿನೇ ತೆಗೆದಿಡಲಿ ಅಂತೀನಿ. ಇಡಿ ರಾಗಿಗೆ ಹುಳ ಬೀಳೋದು ಅಪರೂಪ, ವರ್ಷಗಟ್ಟಲೆ ಇರುತ್ತೆ. ಹಿಟ್ಟು ಮಾಡಿಸಿ ಇಡಬೇಡಿ, ಮುಗ್ಗಲು ವಾಸನೆ ಬಂದುಬಿಡುತ್ತೆ. ಕೊಡೋ ವಾರ ಬೀಸಿಸಿ.

ಚಾಮರಾಜನಗರ_ಸ್ತ್ರೀಸಂಘ
ರಾಗಿ ನಮ್ಮ ಕಡೆನೂ ಇದೆ, ಒಳ್ಳೇ ಮಾತು. ಹುಳದ್ದು ಯಾರೂ ಹೇಳಲಿಲ್ಲ. ಅಕ್ಕಿಗೆ ಬೋರಿಕ್ ಪೌಡರ್ ಹಾಕ್ತಾರಲ್ಲ, ಅದು ಪರವಾಗಿಲ್ವಾ?

ಕುಡ್ಲದ_ಬಾಯಿ
ಬೇಡವೇ ಬೇಡ! ಯಾರ ಮನೆಯದ್ದಕ್ಕೆ ಎಷ್ಟು ಬಿದ್ದಿದೆ ಅಂತ ಗೊತ್ತಾಗುವುದಿಲ್ಲ. ತಿನ್ನುವವರು ಮುದುಕರು, ಕಣ್ಣು ಕಾಣದವರು, ಎರಡು ಸಲ ತೊಳೆಯುತ್ತಾರೋ ಇಲ್ಲವೋ. ‘ಪೌಡರ್ ಹಾಕಿದ ಅಕ್ಕಿ ತರಬೇಡಿ’ ಅಂತ ಮೊದಲೇ ಹೇಳಿ. ಒಣ ಕೈಯಲ್ಲೇ ಹಿಡಿ ತೆಗೆಯಬೇಕು, ಹುಳ ಬರುವುದಕ್ಕಿಂತ ಮುಂಚೆ ಬರುವುದು ತೇವ. ಡಬ್ಬಿಗೆ ಬಿಗಿ ಮುಚ್ಚಳ, ಒಳಗೆ ನಾಲ್ಕೈದು ಒಣಮೆಣಸು. ಹುಳ ಕಂಡರೆ ಉರಿ ಬಿಸಿಲಿಗೆ ಹಾಕಬೇಡಿ, ಅಕ್ಕಿ ಸೀಳಿ ನುಚ್ಚಾಗ್ತದೆ. ನೆರಳಲ್ಲಿ ಹರವಿ, ಹುಳ ತಾವಾಗಿಯೇ ಹೊರಟು ಹೋಗ್ತಾವೆ, ಆಮೇಲೆ ಕೇರಿ. ಎಲ್ಲಕ್ಕಿಂತ ಮುಖ್ಯ, ಬಂದ ಅಕ್ಕಿ ಆ ವಾರವೇ ಹೋಗಿಬಿಡಬೇಕು. ಚರ್ಚಿನಲ್ಲಿ ದಾಸ್ತಾನು ಬೇಡ ಮಾರಾಯ್ರೆ.

ಎರಡುಕಾಸು
ಇಲ್ಲೊಂದು ಮಾತು ಹೇಳಲೇಬೇಕು. ಇಂಥ ಯೋಜನೆ ಶುರುವಾದಾಗ ಬಡ ವಿಧವೆಯ ಎರಡು ಕಾಸಿನ ಪ್ರಸಂಗ ತಪ್ಪದೇ ಬರುತ್ತೆ. ಬೈಬಲಿನ ಮಾರ್ಕ 12:41ರಿಂದ ಓದಿ ನಿಲ್ಲಿಸಿಬಿಡ್ತಾರೆ. ಅದರ ಹಿಂದಿನ ವಚನ, 40, ಓದೋದಿಲ್ಲ. ಅಲ್ಲಿ ಯೇಸು ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಖಂಡಿಸ್ತಾನೆ. ಅದಾದ ಮೇಲೆ ಕಾಣಿಕೆ ಪೆಟ್ಟಿಗೆಯ ಎದುರು ಕೂತು ಆ ವಿಧವೆಯನ್ನು ನೋಡೋದು. ಅವಳ ಭಕ್ತಿಯನ್ನು ಮೆಚ್ಚಿದ, ನಿಜ. ಆದರೆ ಆ ಮಾತನ್ನು ತಂದು ಬಡವರಿಂದ ಇನ್ನಷ್ಟು ಕೀಳೋಕೆ ಬಳಸಿದರೆ ನಾವು 40ನೇ ವಚನದ ಕಡೆಗೆ ಸೇರಿಬಿಡ್ತೀವಿ. ‘ಹಿಡಿ ಅಕ್ಕಿ ಕಡ್ಡಾಯ’ ಅನ್ನೋ ಮಾತು ಯಾರ ಬಾಯಲ್ಲೂ ಬರಬಾರದು.

ಬೆಂಗಳೂರು_ಕಾಯರ್
ಒಪ್ಪಲ್ಲ ಬ್ರದರ್. ಹಾಗೆ ಹೇಳಿದ್ರೆ ಬಡವರು ಕೊಡೋದೇ ಬೇಡ ಅಂದಹಾಗಾಯ್ತು. ದೇವಾಲಯದಲ್ಲಿ ತುತ್ತೂರಿ ಬಾಯಿಯ ಹದಿಮೂರು ಪೆಟ್ಟಿಗೆ ಇದ್ದವು ಅಂತ ಯೆಹೂದ್ಯರ ಹಳೆ ಧರ್ಮನಿಯಮ ಗ್ರಂಥ ಮಿಷ್ನಾದಲ್ಲಿದೆ. ಆಕೆ ಹಾಕಿದ್ದು ಆ ಕಾಲದ ಅತಿ ಸಣ್ಣ ತಾಮ್ರದ ನಾಣ್ಯ ಎರಡು. ಒಂದನ್ನು ಇಟ್ಕೊಂಡು ಒಂದನ್ನು ಹಾಕಬಹುದಿತ್ತು, ಎರಡನ್ನೂ ಹಾಕಿದಳು. ಕೊಡೋ ಗೌರವ ಅವಳಿಗೂ ಇದೆ. ಬಡವರನ್ನು ಬರೀ ತಗೊಳ್ಳೋರನ್ನಾಗಿ ಮಾಡೋದು ಅವರಿಗೆ ಮಾಡೋ ಅವಮಾನ.

ಎರಡುಕಾಸು
ಕೊಡೋದು ಬೇಡ ಅಂದಿಲ್ಲ, ಕೇಳೋ ರೀತಿ ಬಗ್ಗೆ ಹೇಳಿದ್ದು. ಪೌಲ 2 ಕೊರಿಂಥ 8:12ರಲ್ಲಿ ಬರೆದಿರೋದು ಅದೇ: ಇರೋದಕ್ಕೆ ತಕ್ಕಂತೆ ಕೊಡೋದು ಮೆಚ್ಚುಗೆ, ಇಲ್ಲದ್ದನ್ನು ಕೇಳೋದಿಲ್ಲ. ಡಬ್ಬಿ ಖಾಲಿ ತಂದವರೂ ಎಲ್ಲರ ಜೊತೆ ಸಾಲಿನಲ್ಲಿ ಬರೋ ಹಾಗಿರಬೇಕು. ಒಳಗಿರೋದು ಕಾಣದ ಬಟ್ಟೆ ಚೀಲ ಕೊಡಿ, ತಾವೇ ಡ್ರಮ್ಮಿಗೆ ಸುರಿಯಲಿ. ಪಾರದರ್ಶಕ ಡಬ್ಬಿ ಬೇಡ.

ಬೆಂಗಳೂರು_ಕಾಯರ್
ಬಟ್ಟೆ ಚೀಲದ್ದು ಒಪ್ಪಿದೆ.

ಹುಬ್ಬಳ್ಳಿ_ಮಂದಿ
ಅದಕ್ಕ ನಾ ಚರ್ಚಿನ ಸುಗ್ಗಿ ಹಬ್ಬದಾಗ ಕಾಣಿಕಿ ಹರಾಜು ಹಾಕ್ತಾರಲ್ರಿ, ಅದರ ಬಗ್ಗೆ ತಕರಾರು ಎತ್ತೂದು. ಒಂದು ನಿಂಬಿಹಣ್ಣು ಸಾವಿರಕ್ಕ ಹೋಗತೈತಿ, ಕೂಗಿದಾವನ ಹೆಸರು ಮೈಕಿನ್ಯಾಗ ಮೂರು ಸಲ. ಆ ನಿಂಬಿಹಣ್ಣು ತಂದಾಕಿ ಹಿಂದ ಕುಂತಿರತಾಳ, ಆಕಿ ಹೆಸರು ಯಾರೂ ಹೇಳೂದಿಲ್ಲ.

ತೂಕದಕಲ್ಲು
ಹರಾಜು ಬೇರೆ ವಿಷಯ ಅಣ್ಣ, ಅದಕ್ಕೆ ಹೊಸ ಚರ್ಚೆ ತೆಗೀರಿ. ಇಲ್ಲಿ ಶುರುವಾದ್ರೆ ಮುಗಿಯಲ್ಲ.

ದರ್ಜಿ_ಮನೆ
ಮೂರನೇ ಪ್ರಶ್ನೆಗೆ ಬರ್ತೀನಿ. ಅಕ್ಕಿ ಕೊಡಲಾಗದವರ ಹತ್ತಿರ ಕೈಕೆಲಸ ಇರುತ್ತೆ. ಬೈಬಲಿನಲ್ಲಿ ಯೊಪ್ಪ ಊರಿನ ತಬಿಥಾ ಸತ್ತಾಗ ವಿಧವೆಯರು ಪೇತ್ರನಿಗೆ ತೋರಿಸಿದ್ದು ಆಕೆ ಹೊಲಿದುಕೊಟ್ಟ ಅಂಗಿಗಳನ್ನು. ಗಾರ್ಮೆಂಟ್ಸಿನವರು ನಿಮ್ಮಲ್ಲೇ ಇದ್ದಾರಲ್ಲ, ಹಾಸಿಗೆ ಹಿಡಿದವರಿಗೆ ನೈಟಿ ಹೊಲಿಯಿರಿ. ಅಂಗಡಿ ನೈಟಿ ಅವರಿಗೆ ಆಗಲ್ಲ, ತಲೆ ಮೇಲಿಂದ ತೊಡಿಸೋಕೆ ಎತ್ತಿ ಕೂರಿಸಬೇಕಾಗುತ್ತೆ.

ಹಳೆ ಕಾಟನ್ ನೈಟಿ ತಗೊಳ್ಳಿ. ಬೆನ್ನಿನ ನಡುವೆ ಕತ್ತಿನಿಂದ ಅಂಚಿನವರೆಗೂ ನೇರ ಕತ್ತರಿಸಿ. ಎರಡೂ ಅಂಚು ಒಂದೇ ಮಡಿಕೆ ಮಡಚಿ ಚಪ್ಪಟೆ ಹೊಲಿಗೆ ಹಾಕಿ. ಎರಡು ಮಡಿಕೆ ಬೇಡ, ದಪ್ಪ ಆಗುತ್ತೆ. ಕತ್ತಿನ ಹತ್ತಿರ ಒಂದು ಜೊತೆ ಲಾಡಿ, ಅದೂ ಗಂಟು ಹೆಗಲ ಪಕ್ಕಕ್ಕೆ ಬರೋ ಹಾಗೆ. ಸೊಂಟದ ಹಿಂದೆ ಲಾಡಿ, ಗುಂಡಿ, ಹುಕ್ಕು, ಜಿಪ್ಪು ಏನೂ ಬೇಡ. ಮಲಗಿದವರಿಗೆ ಅದೇ ಒತ್ತಿ ಹುಣ್ಣಾಗುತ್ತೆ. ತೋಳು ಅಗಲ ಇರಲಿ, ಬಿಗಿ ತೋಳಿಗೆ ಸೆಟೆದ ಕೈ ಹೋಗಲ್ಲ. ಎದುರಿನಿಂದ ಎರಡು ತೋಳು ತೊಡಿಸಿ, ಹಿಂದಿನ ಎರಡು ಭಾಗ ಪಕ್ಕಕ್ಕೆ ಸೇರಿಸಿಬಿಟ್ಟರೆ ಮುಗೀತು, ರೋಗಿಯನ್ನು ಎತ್ತಬೇಕಿಲ್ಲ. ಒಬ್ಬರಿಗೆ ನಾಲ್ಕು ಬೇಕು, ಮಳೆಗಾಲದಲ್ಲಿ ಒಣಗಲ್ಲ.

ವಾರ್ಡ್_ಸಿಸ್ಟರ್
ದರ್ಜಿ ಅಕ್ಕ ಹೇಳಿದ್ದು ನೂರಕ್ಕೆ ನೂರು. ಅದಕ್ಕೆ ಸೇರಿಸ್ತೀನಿ: ಹಳೆ ಕಾಟನ್ ಸೀರೆ ಕೊಡೋರಿದ್ದರೆ ನಾಲ್ಕು ಪದರ ಮಾಡಿ ಅಂಚಿಗಷ್ಟೇ ಹೊಲಿಗೆ ಹಾಕಿ, ಹೆಗಲಿಂದ ತೊಡೆವರೆಗೆ ಬರೋ ಅಳತೆಗೆ. ರೋಗಿಯ ಕೆಳಗೆ ಹಾಸಿದರೆ ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಬಹುದು. ಎಳೆದು ಸರಿಸಬಾರದು, ಚರ್ಮ ಕಿತ್ತು ಬರುತ್ತೆ. ಜರಿ ಅಂಚು ಬಿಚ್ಚಿಬಿಡಿ. ಸಿಂಥೆಟಿಕ್ ಬೇಡ, ಬೆವರು ಹೀರಲ್ಲ.

ಇನ್ನು ಸಮಯ ಒಂದೇ ಇರೋರು ಮಗ್ಗಲು ತಿರುಗಿಸೋಕೆ ಹೋಗಲಿ. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಮನೆಯಲ್ಲಿ ಒಬ್ಬಳೇ ಸೊಸೆ ಇದ್ದರೆ ಆಗಲ್ಲ. ಮಧ್ಯಾಹ್ನ ಒಬ್ಬರು, ಸಂಜೆ ಒಬ್ಬರು ಹೋದರೂ ಆಕೆಗೆ ಉಸಿರಾಡೋಕೆ ಸಮಯ ಸಿಗುತ್ತೆ. ಬೆನ್ನಿನ ಕೆಳಗೆ, ಹಿಮ್ಮಡಿ, ಸೊಂಟದ ಮೂಳೆ ನೋಡಿ. ಕೆಂಪಾಗಿದ್ದು ಬೆರಳಲ್ಲಿ ಒತ್ತಿ ಬಿಟ್ಟಾಗ ಬಿಳುಪಾಗದಿದ್ದರೆ ಹುಣ್ಣು ಶುರುವಾಗಿದೆ ಅಂತ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡಿ, ಒಳಗೆ ಇನ್ನೂ ಹಾಳಾಗುತ್ತೆ. ಆ ಭಾಗಕ್ಕೆ ಭಾರ ಬೀಳದ ಹಾಗೆ ಮಲಗಿಸಿ, ಆಶಾ ಕಾರ್ಯಕರ್ತೆಗೋ ನರ್ಸ್‌ಗೋ ಹೇಳಿ. ಉಂಗುರದಂಥ ರಬ್ಬರ್ ದಿಂಬು ತಂದುಕೊಡ್ತಾರೆ, ಅದೂ ಬೇಡ, ಸುತ್ತಲಿನ ರಕ್ತ ಓಡಾಟ ನಿಲ್ಲಿಸುತ್ತೆ. ಹಿಮ್ಮಡಿ ಎತ್ತರಿಸಬೇಕಾದ್ರೆ ಮೀನಖಂಡದ ಕೆಳಗೆ ಉದ್ದಕ್ಕೂ ದಿಂಬು ಕೊಡಿ.

ಕಾಲಿನ ಉಗುರು ಕತ್ತರಿಸೋ ಸೇವೆ ಒಳ್ಳೇದು, ಆದರೆ ಸಕ್ಕರೆ ಕಾಯಿಲೆ ಇರೋರದ್ದು ಮುಟ್ಟಬೇಡಿ. ಸಣ್ಣ ಗಾಯವೂ ದೊಡ್ಡದಾಗುತ್ತೆ.

ಕೋಲಾರ_ರಾಗಿ
ಹಣ್ಣು ಬಿಸ್ಕತ್ತು ಹಿಡ್ಕೊಂಡು ಹತ್ತು ಜನ ಹೋಗಿ, ಸುತ್ತ ನಿಂತು ಪ್ರಾರ್ಥನೆ ಮಾಡಿ, ಫೋಟೋ ತೆಗೆದು ಬರೋದಕ್ಕಿಂತ ಇದು ಸಾವಿರ ಪಾಲು ಮೇಲು.

ಕುಡ್ಲದ_ಬಾಯಿ
ಹೌದು ನೋಡಿ, ಇದಕ್ಕೆ 400 ವರ್ಷದ ಹಿಂದಿನ ಪಾಠ ಉಂಟು. 1617ರಲ್ಲಿ ಫ್ರಾನ್ಸಿನ ಶಾತಿಯೋನ್ ಎಂಬ ಊರಿನಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಗುರುಗಳಾಗಿದ್ದರು. ಊರಾಚೆ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ ಅಂತ ಭಾನುವಾರದ ಪ್ರಬೋಧನೆಯಲ್ಲಿ ಹೇಳಿದರು. ಮಧ್ಯಾಹ್ನ ಹೋಗಿ ನೋಡಿದರೆ ದಾರಿ ತುಂಬ ಜನ, ಎಲ್ಲರ ಕೈಯಲ್ಲೂ ಊಟ. ಅವರಿಗೆ ಹೊಳೆದದ್ದು ಏನೆಂದರೆ, ಇವತ್ತು ಬಂದದ್ದು ತಿನ್ನಲಾಗದೆ ಹಾಳಾಗ್ತದೆ, ಮುಂದೆ ಪುನಃ ಉಪವಾಸ. ಕೆಲವೇ ದಿನಗಳಲ್ಲಿ ಊರಿನ ಹೆಂಗಸರನ್ನು ಸೇರಿಸಿ ಸರದಿ ಹಾಕಿದರು, ಒಬ್ಬೊಬ್ಬರಿಗೆ ಒಂದೊಂದು ದಿನ.

ಆ ಸಂಘಕ್ಕೆ ಅವರು ಬರೆದ ನಿಯಮ ಓದಿದರೆ ಆಶ್ಚರ್ಯ ಆಗ್ತದೆ. ರೋಗಿಯನ್ನು ನಗುಮುಖದಿಂದ ಮಾತಾಡಿಸಬೇಕು, ಬಟ್ಟೆ ಹಾಸಬೇಕು, ಕೈ ತೊಳೆಸಬೇಕು, ಮಾಂಸ ತುಂಡು ಮಾಡಿ ಕೊಡಬೇಕು. ಹತ್ತಿರ ಯಾರಾದರೂ ಇರುವ ರೋಗಿಯಿಂದ ಶುರು ಮಾಡಿ, ಯಾರೂ ಇಲ್ಲದ ಒಂಟಿ ರೋಗಿಯ ಹತ್ತಿರ ಕೊನೆಗೆ ಹೋಗಬೇಕು. ಯಾಕೆ? ಅಲ್ಲಿ ಹೆಚ್ಚು ಹೊತ್ತು ಕೂರಬಹುದಲ್ಲ. ನಿಮ್ಮ ನಾಲ್ಕು ಮನೆಯ ಸರದಿಯನ್ನೂ ಹಾಗೆಯೇ ಹಾಕಿ.

ಚಾಮರಾಜನಗರ_ಸ್ತ್ರೀಸಂಘ
ಬಾಯಿ, ಒಂಟಿ ಇರೋರ ಮನೆ ಕೊನೆಗೆ ಅನ್ನೋದು ನಮಗೆ ಹೊಳೆದೇ ಇರಲಿಲ್ಲ. ಪಟ್ಟಿ ಬರೆಯುವಾಗ ಹತ್ತಿರದ ಮನೆ ಮೊದಲು ಅಂತ ಹಾಕ್ತಿದ್ದೆವು. ನೀವು ಸಂತ ವಿನ್ಸೆಂಟ್ ಹೆಸರಿನ ಸಂಘದಲ್ಲಿ ಇದ್ದೀರಾ?

ಕುಡ್ಲದ_ಬಾಯಿ
ಹೆಸರಿಗಿಂತ ಕ್ರಮ ಮುಖ್ಯ. ಆ ಸಂಘವನ್ನು 1833ರಲ್ಲಿ ಪ್ಯಾರಿಸಿನಲ್ಲಿ ಕಾಲೇಜು ಹುಡುಗರು ಶುರು ಮಾಡಿದ್ದು, ಫ್ರೆಡ್ರಿಕ್ ಓಜಾನಮ್‌ಗೆ ಆಗ 20 ವರ್ಷ. ಅವರ ಎರಡು ರೂಢಿ ನಿಮಗೂ ಆಗ್ತದೆ. ಮನೆ ಭೇಟಿಗೆ ಇಬ್ಬಿಬ್ಬರೇ ಹೋಗುವುದು, ಒಬ್ಬರೇ ಅಲ್ಲ, ಗುಂಪಾಗಿಯೂ ಅಲ್ಲ. ಮತ್ತೆ ಸಭೆ ಸೇರಿದಾಗ ಒಂದು ಚೀಲ ಸುತ್ತು ಬರ್ತದೆ, ಎಲ್ಲರೂ ಕೈ ಒಳಗೆ ಹಾಕ್ತಾರೆ. ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ, ಯಾರಿಗೂ ಗೊತ್ತಾಗುವುದಿಲ್ಲ.

ಹುಬ್ಬಳ್ಳಿ_ಮಂದಿ
ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಯೇಸು ಅಂದಾನಲ್ರಿ, ಇದು ಅದs.

ಬೆಂಗಳೂರು_ಕಾಯರ್
ಒಂದು ಅನುಮಾನ. ಬೇರೆ ಧರ್ಮದವರ ಮನೆಗೂ ಕೊಡ್ತೀರಾ? ಕೊಟ್ಟರೆ ಈಗಿನ ಕಾಲದಲ್ಲಿ ‘ಮತಾಂತರದ ಆಮಿಷ’ ಅಂತಾರೆ. ನಮ್ಮವರಿಗೆ ಮಾತ್ರ ಅಂತ ಇಟ್ಕೊಳ್ಳೋದು ಕ್ಷೇಮ ಅಲ್ವಾ?

ವಾರ್ಡ್_ಸಿಸ್ಟರ್
ಕ್ಷೇಮ ಇರಬಹುದು, ಕ್ರಿಸ್ತನ ದಾರಿ ಅಲ್ಲ. ಬೈಬಲಿನ ಚಾರೆಪ್ತದ ವಿಧವೆ ಪ್ರವಾದಿ ಎಲೀಯನ ಜನದವಳಲ್ಲ. ಮಡಕೆಯಲ್ಲಿದ್ದ ಒಂದು ಹಿಡಿ ಹಿಟ್ಟಿನಲ್ಲಿ ಅವನಿಗೆ ರೊಟ್ಟಿ ಸುಟ್ಟು ಕೊಟ್ಟಳು. ಹೊರಗಿನವಳ ಕೈಯಿಂದ ಪ್ರವಾದಿ ಉಂಡಿದ್ದಾನೆ, ನಾವು ಕೊಡೋವಾಗ ಜಾತಿ ಕೇಳೋದಾ?

ಅರ್ಜಿ_ಗುಮಾಸ್ತ
ಇಬ್ಬರ ಮಾತಿಗೂ ದಾರಿ ಇದೆ. ಯಾರಿಗೆ ಹೆಚ್ಚು ಕಷ್ಟ ಅಂತ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಹತ್ತಿರ ಕೇಳಿ ಪಟ್ಟಿ ಮಾಡಿ, ಆಗ ಆಯ್ಕೆ ನಿಮ್ಮ ಇಷ್ಟದ್ದಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತೆ. ಚೀಲದೊಳಗೆ ಕರಪತ್ರ ಹಾಕಬೇಡಿ. ‘ಭಾನುವಾರ ಬನ್ನಿ’ ಅನ್ನಬೇಡಿ. ಪ್ರಾರ್ಥನೆ ಅವರಾಗಿ ಕೇಳಿದರೆ ಮಾತ್ರ. ಕೊಡೋದರ ಜೊತೆ ಒಂದು ಷರತ್ತೂ ಅಂಟಿಕೊಳ್ಳದಿದ್ದರೆ ಅದು ದಾನ, ಅಂಟಿಕೊಂಡರೆ ವ್ಯಾಪಾರ.

ಮತ್ತೆ, ಓದು ಬರಹ ಬಲ್ಲವರು ಕೊಡಬಹುದಾದ್ದು ನನ್ನ ಕಸುಬಿನದ್ದು. ಮುದುಕರಿಗೆ ತಿಂಗಳಿಗೆ ಹತ್ತು ಕೆಜಿ ಅಕ್ಕಿ ಕೊಡೋದಕ್ಕಿಂತ ನಿಂತುಹೋದ ಪಿಂಚಣಿ ಮತ್ತೆ ಬರೋ ಹಾಗೆ ಮಾಡಿದರೆ ಹೆಚ್ಚು ಉಪಕಾರ. ಸಂಧ್ಯಾ ಸುರಕ್ಷಾಕ್ಕೆ 65 ತುಂಬಿರಬೇಕು, ಅರ್ಜಿ ನಾಡಕಚೇರಿಯಲ್ಲಿ. ನಿಂತುಹೋಗಿದ್ದರೆ ಬಹಳ ಸಲ ಕಾರಣ ಒಂದೇ: ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲ್ಲ, ಇಲ್ಲವೇ ಎರಡು ಖಾತೆ ಇದ್ದು ದುಡ್ಡು ಇನ್ನೊಂದಕ್ಕೆ ಹೋಗ್ತಿರುತ್ತೆ. ಮೊದಲು ಎಲ್ಲಾ ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿ. ಆಧಾರ್‌ನಲ್ಲಿರೋ ಹೆಸರಿಗೂ ಪಾಸ್‌ಬುಕ್ಕಿನ ಹೆಸರಿಗೂ ಒಂದಕ್ಷರ ವ್ಯತ್ಯಾಸ ಇದ್ದರೂ ತಡೆಯುತ್ತೆ.

ಹಾಗೇ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಬೀಳದ ಅಜ್ಜಿಯರು. ಕೈ ತೊಳೆದು ಪೂರ್ತಿ ಒರೆಸಿ, ಹೆಬ್ಬೆಟ್ಟು ಆಗದಿದ್ದರೆ ಉಳಿದ ಬೆರಳು ಒಂದೊಂದಾಗಿ ಇಡಿಸಿ. ಯಾವುದೂ ಬೀಳದಿದ್ದರೆ ಆಧಾರ್ ಕೇಂದ್ರಕ್ಕೆ ಕರ್ಕೊಂಡು ಹೋಗಿ ಬಯೋಮೆಟ್ರಿಕ್ ಹೊಸದಾಗಿ ಕೊಡಿಸಿ. ಆಟೋದಲ್ಲಿ ಕರ್ಕೊಂಡು ಹೋಗಿ ಕರ್ಕೊಂಡು ಬರೋದೇ ದೊಡ್ಡ ಸೇವೆ. ಓಟಿಪಿ, ಪಾಸ್‌ಬುಕ್, ಎಟಿಎಂ ಪಿನ್ ಮಾತ್ರ ನಿಮ್ಮ ಕೈಯಲ್ಲಿ ಇಟ್ಕೊಳ್ಳಬೇಡಿ, ಎಷ್ಟೇ ನಂಬಿಕಸ್ಥರಾದರೂ.

ದರ್ಜಿ_ಮನೆ
ಯೌವನಸ್ಥರ ಸಂಘಕ್ಕೆ ಇದನ್ನ ಒಪ್ಪಿಸಿ ಅಕ್ಕ. ಫೋನು ಅವರ ಕೈಯಲ್ಲೇ ಇರುತ್ತೆ.

ತೂಕದಕಲ್ಲು
ಬೇಳೆ ಎಣ್ಣೆ ಕೊಡೋ ಮಾತಾಯ್ತಲ್ಲ, ಅಳತೆ: ಇಬ್ಬರಿಗೆ ತಿಂಗಳಿಗೆ ತೊಗರಿಬೇಳೆ 1 ಕೆಜಿ, ಎಣ್ಣೆ 1 ಲೀಟರ್, ಉಪ್ಪು 1 ಕೆಜಿ, ಮೈ ಸೋಪು 2, ಬಟ್ಟೆ ಸೋಪು 2. ಎಣ್ಣೆ ಅರ್ಧ ಲೀಟರಿನ ಎರಡು ಪ್ಯಾಕೆಟ್ ಕೊಡಿ. ಒಂದು ಲೀಟರ್ ಪ್ಯಾಕೆಟ್ ಕತ್ತರಿಸಿ ಡಬ್ಬಿಗೆ ಬಗ್ಗಿಸೋವಾಗ ನಡುಗೋ ಕೈಯಲ್ಲಿ ಚೆಲ್ಲುತ್ತೆ.

ಚಾಮರಾಜನಗರ_ಸ್ತ್ರೀಸಂಘ
ಹಿಡಿ ಬೇಳೆ ಕೊಡೋರು ಆಗಲೇ ಇಬ್ಬರು ಮುಂದೆ ಬಂದಿದ್ದಾರೆ. ಬೇಳೆಗೂ ಹುಳ ಬೀಳುತ್ತಲ್ಲ, ಅದಕ್ಕೂ ಒಣಮೆಣಸಿನಕಾಯೇನಾ?

ಕುಡ್ಲದ_ಬಾಯಿ
ಬೇಳೆಗೆ ಹರಳೆಣ್ಣೆ. 1 ಕೆಜಿಗೆ ಒಂದು ಟೀ ಚಮಚ, ಕೈಯಲ್ಲಿ ಚೆನ್ನಾಗಿ ಸವರಿ ಡಬ್ಬಿಗೆ ತುಂಬಿ. ಬೇಯಿಸುವ ಮೊದಲು ಬಿಸಿ ನೀರಿನಲ್ಲಿ ತೊಳೆಯಲು ಹೇಳಿ, ಇಲ್ಲದಿದ್ದರೆ ಸಾರಿಗೆ ವಾಸನೆ ಬರ್ತದೆ.

ಕೋಲಾರ_ರಾಗಿ
ತಣ್ಣೀರಾದರೂ ಪರವಾಗಿಲ್ಲ, ಮೂರು ಸಲ ತೊಳೆದರೆ ಹೋಗುತ್ತೆ.

ಕುಡ್ಲದ_ಬಾಯಿ
ಹೋಗುವುದಿಲ್ಲ ಮಾರಾಯ್ರೆ, ಜಿಡ್ಡು ತಣ್ಣೀರಿಗೆ ಬಿಡುವುದಿಲ್ಲ. ಬಿಸಿ ನೀರು ಅಂತಲೇ ಚೀಲದ ಮೇಲೆ ಬರೆಯಿರಿ, ದೊಡ್ಡ ಅಕ್ಷರದಲ್ಲಿ.